ಕೈನೋವು ಮತ್ತು ಕಾಯಕ

(ಸೋಮವಾರದ ಶಿವಾನುಭವ ಗೋಷ್ಠಿಯಲ್ಲಿ ರೊಟ್ಟಿ ಕಾಯಕದ ತಾಯಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಕಾಯಕದ ಬಗ್ಗೆ ನಾಲ್ಕು ಮಾತು ಆಡಿರಿ ಎಂದು ಹೇಳಿ ಕಳಿಸಿದ್ದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ತತ್ವ ಹೇಳುವವರು ಈ ವೇದಿಕೆಗೆ ಬೇಕಾದಷ್ಟು ಜನ ಬಂದು ಹೋಗಿದ್ದಾರೆ. ನನಗೆ ಗೊತ್ತಿರುವುದು ರೊಟ್ಟಿ ಬಡಿಯುವುದು. ಆದ್ದರಿಂದ ನನ್ನ ಕೈಗಳ ಬಗ್ಗೆಯೇ ಹೇಳುತ್ತೇನೆ. ಹಿಂದೆ ಕುಳಿತವರಿಗೂ ಕಾಣಲಿ ಎಂದು ಎತ್ತಿ ಹಿಡಿಯುತ್ತೇನೆ, ನೋಡಿರಿ. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ. ಬಲಗೈಯ ಗೆಣ್ಣುಗಳು ಉಬ್ಬಿವೆ. ಮುಷ್ಟಿ ಪೂರ್ತಿ ಕಟ್ಟಲು ಬರುವುದಿಲ್ಲ. ಈ ಕೈ ಒಂದು ಕಾಲಕ್ಕೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಿತ್ತು.

ನಮ್ಮವರು ತೀರಿಕೊಂಡಾಗ ಮಗ ಇನ್ನೂ ಹೈಸ್ಕೂಲಿನಲ್ಲಿದ್ದ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದೆ. ನಸುಕಿನ ನಾಲ್ಕಕ್ಕೆ ಎದ್ದು ಎಸರು ಇಟ್ಟು, ಹಿಟ್ಟು ನಾದಿ, ಏಳು ಗಂಟೆಯ ಹೊತ್ತಿಗೆ ಮೊದಲ ಬುಟ್ಟಿ ಕಳಿಸಬೇಕು. ಆ ರೊಟ್ಟಿಯ ಮೇಲೆಯೇ ಮಗ ಓದಿದ, ಮನೆಯ ಮೇಲೆ ಸ್ಲ್ಯಾಬ್ ಬಿತ್ತು. ಜಾತ್ರೆಗೆ ಮಠದ ದಾಸೋಹಕ್ಕೂ ಪ್ರತಿ ವರ್ಷ ಬಂದು ಬಡಿಯುತ್ತಿದ್ದೆ. ಅದೊಂದು ಹೆಮ್ಮೆ ಇತ್ತು ನನಗೆ, ಸುಳ್ಳು ಹೇಳಬಾರದು. ನನ್ನಷ್ಟು ತೆಳ್ಳಗೆ, ನನ್ನಷ್ಟು ಗುಂಡಗೆ ಬಡಿಯುವವರು ಓಣಿಯಲ್ಲಿ ಯಾರೂ ಇರಲಿಲ್ಲ.

ನೋವು ಶುರುವಾಗಿದ್ದು ಹತ್ತು ವರ್ಷದ ಹಿಂದೆ. ಮೊದಲು ಅದನ್ನು ನೋವು ಎನ್ನುವಂತೆಯೂ ಇರಲಿಲ್ಲ. ನಸುಕಿನಲ್ಲಿ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ರಾತ್ರಿಯೆಲ್ಲ ಯಾರೋ ಕಟ್ಟಿ ಹಾಕಿದಂತೆ ಪೆಡಸಾಗಿರುತ್ತಿದ್ದವು. ಬಿಸಿ ಎಸರಿನ ಹಿಟ್ಟಿಗೆ ಕೈ ಹಾಕಿದ ಮೇಲೆ ನಿಧಾನಕ್ಕೆ ಸಡಿಲವಾಗುತ್ತಿದ್ದವು. ಮೊದಲು ಹತ್ತು ನಿಮಿಷ ಹಿಡಿಯುತ್ತಿತ್ತು, ಆಮೇಲೆ ಅರ್ಧ ತಾಸು, ಆರು ತಿಂಗಳಲ್ಲಿ ಒಂದೂವರೆ ತಾಸು. ನಾಲ್ಕಕ್ಕೆ ಏಳುತ್ತಿದ್ದವಳು ಎರಡೂವರೆಗೆ ಏಳತೊಡಗಿದೆ. ಬೆರಳಲ್ಲಿ ಉಂಗುರ ಸಿಕ್ಕಿಕೊಂಡಿತು. ಪತ್ತಾರರ ಅಂಗಡಿಗೆ ಹೋಗಿ ಕತ್ತರಿಸಿ ತೆಗೆಸಬೇಕಾಯಿತು. ಅವರೂ ಹೇಳಿದರು, "ಅಕ್ಕಾರ, ಇದು ಬಾವು, ದವಾಖಾನಿಗೆ ತೋರಸ್ರಿ" ಅಂತ. ನಾನು ಕೇಳಲಿಲ್ಲ.

ಕೇಳದಿರಲು ಕಾರಣಗಳಿದ್ದವು. 2006ರಲ್ಲಿ ನಮ್ಮ ಕಡೆ ಚಿಕುನ್‌ಗುನ್ಯಾ ಬಂದದ್ದು ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬೇಕು. ಊರಿಗೆ ಊರೇ ಸೊಂಟ ಹಿಡಿದುಕೊಂಡು ಬಗ್ಗಿ ನಡೆಯುತ್ತಿತ್ತು. ನನಗೂ ಬಂದಿತ್ತು, ಕೀಲುನೋವು ತಿಂಗಳುಗಟ್ಟಲೆ ಉಳಿದಿತ್ತು. ಇದೂ ಅದರದೇ ಬಾಲ ಎಂದುಕೊಂಡೆ. ಆಮೇಲೆ ವಯಸ್ಸಿನ ನೋವು ಎಂದುಕೊಂಡೆ. ವಾತ ಎಂದು ಯಾರೋ ಹೇಳಿದರೆಂದು ಬದನೆಕಾಯಿ, ಅಲಸಂದಿ, ಮೊಸರು ಎಲ್ಲ ಬಿಟ್ಟೆ. ಅದರಿಂದ ಸಣ್ಣಗಾದೆನೇ ಹೊರತು ಕೈ ಗುಣವಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಕಾಯಕದಲ್ಲಿ ನೋವು ಎನ್ನಬಾರದು ಎಂದು ನಾನೇ ನನಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೆ. ನೋವು ಅಂದರೆ ಸೋತಂತೆ, ಕೈ ಚಾಚಿದಂತೆ. ಇನ್ನೊಬ್ಬರ ಮುಂದೆ ಕೈ ಚಾಚಬಾರದು ಎಂದು ಶರಣರು ಹೇಳಿದ್ದನ್ನು ನಾನು ಡಾಕ್ಟರ ಮುಂದೆಯೂ ಚಾಚಬಾರದು ಎಂದು ತಿಳಿದುಕೊಂಡೆನೋ ಏನೋ! ಈಗ ನಗು ಬರುತ್ತದೆ.

ಪಕ್ಕದ ತಾಲೂಕಿನಲ್ಲಿ ಒಬ್ಬರು ಕೀಲುನೋವಿಗೆ ಪುಡಿ ಕೊಡುತ್ತಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ, ಏನಿದೆ ಎಂದು ಬರೆದಿಲ್ಲ. ಎರಡೇ ದಿನದಲ್ಲಿ ನೋವು ಮಾಯ. ಮೂರನೆಯ ದಿನ ನಾನು ಮುನ್ನೂರು ರೊಟ್ಟಿ ಬಡಿದೆ. ಓಣಿಯ ನಾಲ್ಕು ಜನರನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ಎಂಟು ತಿಂಗಳು ತಿಂದೆ. ಮುಖ ದುಂಡಗೆ ಊದಿಕೊಂಡಿತು. ಕಾಲಿಗೆ ಬಾವು ಬಂತು, ಸಕ್ಕರೆ ಕಾಯಿಲೆ ಕಾಣಿಸಿತು. ಪುಡಿ ತರುವುದು ನಾಲ್ಕು ದಿನ ತಡವಾದರೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಅದನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ನನ್ನ ಮುಖ ನೋಡಿದ ಕೂಡಲೇ ದೊಡ್ಡ ಡಾಕ್ಟರು ಹೇಳಿದ್ದು ಒಂದೇ ಶಬ್ದ: ಸ್ಟಿರಾಯ್ಡ್. ಡಾಕ್ಟರ ಕೈಯಲ್ಲಿ ಅಳತೆ ಮಾಡಿ, ಸ್ವಲ್ಪ ದಿನ ಕೊಟ್ಟರೆ ಅದೂ ಔಷಧವೇ. ಹೆಸರಿಲ್ಲದ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ತಿಂದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಒಳಗೆ ಕೀಲು ಸವೆಯುವುದು ನಮಗೆ ಗೊತ್ತಾಗದೆ ಹೋಗುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ಬಿಡಲೂ ಬಾರದು, ಜೀವಕ್ಕೇ ಅಪಾಯ. ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಇಲ್ಲಿ ಯಾರ ಮನೆಯಲ್ಲಾದರೂ ಅಂಥ ಪೊಟ್ಟಣ ಇದ್ದರೆ ಇದೊಂದು ಮಾತು ನೆನಪಿಡಿರಿ.

ಇನ್ನು ಹೇಳಬೇಕಾದ ಮಾತು ಇಷ್ಟು ವರ್ಷ ಸಭೆಯಲ್ಲಿ ಹೇಳಿರಲಿಲ್ಲ.

ಶ್ರಾವಣದ ಒಂದು ನಸುಕು. ಪೂಜೆಗೆ ಕುಳಿತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಎತ್ತಿ ಹಿಡಿದಿದ್ದೆ. ಮೊಣಕೈಯಲ್ಲಿ ಮೊದಲೇ ಬಾವು ಇತ್ತು, ಭುಜ ಎಳೆಯುತ್ತಿತ್ತು. ಮಣಿಕಟ್ಟಿನಲ್ಲಿ ಒಮ್ಮೆ ಚಳಕ್ ಎಂದಿತು. ಅಂಗೈ ತಾನಾಗಿಯೇ ವಾಲಿತು. ಲಿಂಗ ಜಾರಿ ಕೆಳಗೆ ಬಿತ್ತು. ವಿಭೂತಿ ಬಟ್ಟಲಿಗೆ ತಾಗಿ ಸಪ್ಪಳವಾಯಿತು. ಒಂದು ಕಡೆ ಕರಿ ಲೇಪ ಸ್ವಲ್ಪ ಕಿತ್ತಿತ್ತು. ನನ್ನ ಎದೆಯೇ ನಿಂತಂತಾಯಿತು. ನಮ್ಮ ಅಜ್ಜಿ ಹೇಳುತ್ತಿದ್ದಳು, ಲಿಂಗ ಬಿದ್ದರೆ ಜೀವ ಉಳಿಸಿಕೊಳ್ಳಬಾರದು ಎಂದು. ಸಣ್ಣವಳಿದ್ದಾಗ ಕೇಳಿದ ಮಾತು ಅರವತ್ತಾದರೂ ಹೋಗುವುದಿಲ್ಲ. ನಾನು ಅದನ್ನು ಎತ್ತಿ ಒರೆಸಿ ಕರಡಿಗೆಯಲ್ಲಿಟ್ಟು ಕಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ. ಮರುದಿನದಿಂದ ಪೂಜೆಗೆ ಕೂಡುವುದನ್ನೇ ಬಿಟ್ಟೆ. ಸೊಸೆ ಕೇಳಿದರೆ ಆಯಿತು ಎನ್ನುತ್ತಿದ್ದೆ. ಮೂರು ತಿಂಗಳು ಹೀಗೆ ಕಳೆಯಿತು. ಆ ಮೂರು ತಿಂಗಳು ಕೈಗಿಂತ ಹೆಚ್ಚು ಬೇರೆ ಏನೋ ನೋಯುತ್ತಿತ್ತು.

ಕೊನೆಗೆ ಒಂದು ಸಂಜೆ ಇದೇ ಮಠಕ್ಕೆ ಬಂದೆ. ಅಪ್ಪಗಳು ಒಬ್ಬರೇ ಇದ್ದರು. ಅಳುತ್ತಲೇ ಹೇಳಿದೆ, ಪ್ರಾಯಶ್ಚಿತ್ತ ಏನು ಮಾಡಲಿ ಎಂದು ಕೇಳಿದೆ. ಅವರು ಲಿಂಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಎಲ್ಲಿ, ಕೈ ತೋರಸ್ರಿ ಯವ್ವಾ" ಅಂದರು. ತೋರಿಸಿದೆ. "ಎಷ್ಟ್ ದಿನದಿಂದ ಹಿಂಗೈತಿ?" ಅಂದರು. ಎರಡು ವರ್ಷ ಆಯ್ತ್ರಿ ಅಪ್ಪಾರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪ್ರಾಯಶ್ಚಿತ್ತ ಬೇಕಂದ್ರ ನಾಳೆ ಹುಬ್ಬಳ್ಳಿ ಬಸ್ಸು ಹತ್ರಿ. ಸಂಧಿವಾತದ ಡಾಕ್ಟರಿಗೆ ತೋರಿಸ್ಕೊಂಡ್ ಬಂದು, ಏನಂದ್ರು ಅಂತ ನನಗ ಹೇಳ್ರಿ" ಅಂದರು. ಪೂಜೆಗೆ ಕೂಡುವಾಗ ಮೊಣಕೈ ಕೆಳಗೆ ತಲೆದಿಂಬು ಇಟ್ಟುಕೊಳ್ಳಲು, ಎಡಗೈ ಕೆಳಗೆ ಬಲಗೈ ಆಸರೆ ಕೊಡಲು ಹೇಳಿದರು. ಕೆಳಗೆ ಕೂಡಲಾಗದಿದ್ದರೆ ಕುರ್ಚಿಯ ಮೇಲೆ ಕುಳಿತು ಮೇಜಿನ ಮೇಲೆ ಕೈ ಇಡಿರಿ ಎಂದರು. ಅಂದಿನಿಂದ ಇಂದಿನವರೆಗೆ ಹಾಗೆಯೇ ಮಾಡುತ್ತಿದ್ದೇನೆ. ಆ ದಿಂಬಿಗೆ ಸೊಸೆ ಚಂದದ ಕವರು ಹೊಲಿದುಕೊಟ್ಟಿದ್ದಾಳೆ.

ಹುಬ್ಬಳ್ಳಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದರು. ರಕ್ತ ಪರೀಕ್ಷೆ, ಎಕ್ಸ್‌ರೇ ಆದವು. ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ಕೈಯ ಕೀಲುನೋವುಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು ಸವೆತದ್ದು. ಹೆಬ್ಬೆರಳಿನ ಬುಡ, ಉಗುರಿನ ಹತ್ತಿರದ ಗೆಣ್ಣು, ಇಂಥ ಕಡೆ ಬರುತ್ತದೆ. ಕೆಲಸ ಮಾಡಿದಂತೆ ನೋವು ಹೆಚ್ಚುತ್ತದೆ. ಬೆಳಗಿನ ಪೆಡಸು ಅರ್ಧ ತಾಸಿನೊಳಗೆ ಹೋಗುತ್ತದೆ. ಇನ್ನೊಂದು ನನ್ನದು, ಆಮವಾತ ಅನ್ನುತ್ತಾರೆ, ರುಮಟಾಯ್ಡ್ ಅನ್ನುತ್ತಾರೆ. ರೋಗಾಣುಗಳ ಮೇಲೆ ಹೋರಾಡಬೇಕಾದ ಮೈಯ ಶಕ್ತಿ ದಿಕ್ಕು ತಪ್ಪಿ ಕೀಲಿನ ಒಳಪೊರೆಯ ಮೇಲೆಯೇ ಬೀಳುತ್ತದೆ. ಎರಡೂ ಕೈಗೆ ಒಂದೇ ಸಮ ಬರುತ್ತದೆ, ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು, ಮುಂದೆ ಮೊಣಕೈ, ಭುಜ. ಬೆಳಿಗ್ಗೆ ತಾಸುಗಟ್ಟಲೆ ಪೆಡಸು. ಮೈಯೆಲ್ಲ ಸುಸ್ತು. ಗಂಡಸರಿಗಿಂತ ಹೆಣ್ಣುಮಕ್ಕಳಿಗೆ ಎರಡು ಮೂರು ಪಟ್ಟು ಹೆಚ್ಚು. ರೊಟ್ಟಿ ಬಡಿದದ್ದಕ್ಕೆ ಬಂತೇ ಎಂದು ಕೇಳಿದೆ. ಇಲ್ಲ, ರೊಟ್ಟಿಯಿಂದ ಬರುವ ರೋಗವಲ್ಲ, ಬಾವು ಇದ್ದಾಗ ಬಡಿದರೆ ಕೀಲು ಬೇಗ ಹಾಳಾಗುತ್ತದೆ ಎಂದರು.

ಆಮೇಲೆ ಎಕ್ಸ್‌ರೇ ಬೆಳಕಿಗೆ ಹಿಡಿದು, ಎಲುಬಿನ ಅಂಚು ಇಲಿ ಕಡಿದಂತಾದ ಜಾಗ ತೋರಿಸಿದರು. ಇದು ಮತ್ತೆ ಬೆಳೆಯುವುದಿಲ್ಲ ಅಮ್ಮಾ, ಮೊದಲ ಕೆಲವು ತಿಂಗಳಲ್ಲಿ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ನನ್ನ ಕಟ್ಟಳೆಯ ಬೆಲೆ ಆ ಎಕ್ಸ್‌ರೇಯಲ್ಲಿತ್ತು.

ಔಷಧ ಬರೆದುಕೊಟ್ಟರು. ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದರಿಂದ ಜೀವ ಹೋದವರೂ ಇದ್ದಾರೆ. ಮೆಥೊಟ್ರೆಕ್ಸೇಟ್ ಎನ್ನುವ ಗುಳಿಗೆ. ಅದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಅದರ ಜೊತೆಗೆ ಫೋಲಿಕ್ ಆಸಿಡ್ ಎನ್ನುವ ಇನ್ನೊಂದು ಗುಳಿಗೆ ಉಳಿದ ದಿನಗಳಿಗೆ. ನನಗೆ ಕೊಟ್ಟ ಎರಡೂ ಹಳದಿ, ಎರಡೂ ಸಣ್ಣವು. ಡಾಕ್ಟರು ಹೇಳಿದ್ದರು, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಔಷಧ ಅಂಗಡಿಯಲ್ಲಿ ಒಂದೇ ಪಾಕೀಟಿನಲ್ಲಿ ಹಾಕಿಕೊಟ್ಟರು. ಮನೆಗೆ ಬಂದು ನಾನು ಅದಲು ಬದಲು ಮಾಡಿದೆ. ವಾರದ್ದನ್ನು ದಿನಾ ತಿಂದೆ, ದಿನದ್ದನ್ನು ವಾರಕ್ಕೊಮ್ಮೆ.

ಎಂಟನೆಯ ದಿನಕ್ಕೆ ಬಾಯೆಲ್ಲ ಹುಣ್ಣು. ಉಗುಳು ನುಂಗಲಾಗದು. ಜ್ವರ. ಮಗ ಜೀಪು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದ. ರಕ್ತದಲ್ಲಿನ ಬಿಳಿ ಕಣಗಳು ತೀರಾ ಇಳಿದಿದ್ದವು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಬದುಕಿ ಬಂದದ್ದೇ ಹೆಚ್ಚು. ಊರಲ್ಲಿ ಸುದ್ದಿಯಾಯಿತು, ಇಂಗ್ಲಿಷ್ ಔಷಧಿ ತಿಂದು ಸಾಯುವಂತಾದಳು ನೋಡು, ಆ ಪುಡಿಯೇ ಚಲೋ ಇತ್ತು ಎಂದು. ನಾನೂ ಕೆಲವು ದಿನ ಹಾಗೆಯೇ ಅಂದುಕೊಂಡೆ. ಔಷಧಿ ತಪ್ಪಿರಲಿಲ್ಲ, ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಳ್ಳಲು ಮನಸ್ಸಿಗೆ ಹೊತ್ತು ಹಿಡಿಯಿತು. ಕೆಲವು ತಿಂಗಳು ಬಿಟ್ಟು, ರಕ್ತ ಸರಿಯಾದ ಮೇಲೆ, ಡಾಕ್ಟರು ಕಡಿಮೆ ಪ್ರಮಾಣದಿಂದ ಮತ್ತೆ ಅದನ್ನೇ ಶುರು ಮಾಡಿದರು.

ಈ ಸಲ ವಾರ ಗೊತ್ತು ಮಾಡಿದೆವು. ಶರಣರ ಹಾದಿಯಲ್ಲಿ ಒಳ್ಳೆ ವಾರ ಕೆಟ್ಟ ವಾರ ಇಲ್ಲ. ಆದರೂ ಸೋಮವಾರ ಶಿವಾನುಭವ, ಆ ದಿನ ಮರೆಯುವುದಿಲ್ಲ ಎಂದು ಸೋಮವಾರವನ್ನೇ ಹಿಡಿದೆವು. ಸೊಸೆ ವಾರದ ಗುಳಿಗೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಸೋಮವಾರ ಮಾತ್ರ’ ಎಂದು ಬರೆದು ಅಂಟಿಸಿದಳು. ದಿನದ್ದು ಅಡಿಗೆ ಮನೆಯಲ್ಲಿ, ವಾರದ್ದು ಅವಳ ಕಪಾಟಿನಲ್ಲಿ. ತಪ್ಪಿ ಒಂದು ದಿನ ಹೆಚ್ಚು ತೆಗೆದುಕೊಂಡರೆ ಕಾಯಬೇಡಿರಿ, ಕೂಡಲೇ ಆಸ್ಪತ್ರೆಗೆ ಹೋಗಿರಿ. ಜ್ವರ, ಕೆಮ್ಮು, ಬಾಯಿ ಹುಣ್ಣು ಬಂದರೂ ಹೇಳಬೇಕು. ಡಾಕ್ಟರು ಹೇಳಿದಾಗಲೆಲ್ಲ ರಕ್ತ, ಲಿವರ್ ಪರೀಕ್ಷೆ ಮಾಡಿಸಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಲೇಬೇಕು, ಬಸಿರಿಯರು ಈ ಗುಳಿಗೆ ತಿನ್ನುವಂತಿಲ್ಲ. ಇನ್ನೊಂದು ಮಾತು. ಇದು ನೋವಿನ ಗುಳಿಗೆಯಂತೆ ಅದೇ ದಿನ ಕೆಲಸ ಮಾಡುವುದಿಲ್ಲ. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಬಹಳ ಜನ ಒಂದು ತಿಂಗಳಿಗೆ ಗುಣ ಕಾಣಲಿಲ್ಲ ಎಂದು ಬಿಟ್ಟು ಪುಡಿಯ ಕಡೆಗೆ ಹೋಗುತ್ತಾರೆ. ನೋವಿನ ಗುಳಿಗೆ ನೋವನ್ನಷ್ಟೇ ಮರೆಸುತ್ತದೆ, ಕೀಲು ಸವೆಯುವುದನ್ನು ತಡೆಯುವುದಿಲ್ಲ. ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಕೆಡುತ್ತವೆ.

ಮೂರನೆಯ ತಿಂಗಳ ಒಂದು ದಿನ ಎದ್ದಾಗ ಬೆಳಗಿನ ಪೆಡಸು ಇಪ್ಪತ್ತು ನಿಮಿಷಕ್ಕೇ ಬಿಟ್ಟಿತ್ತು. ನನಗೆ ನಂಬಿಕೆ ಬರಲಿಲ್ಲ. ಗಡಿಯಾರ ಕೆಟ್ಟಿದೆ ಎಂದುಕೊಂಡೆ.

ಆದರೆ ಹಾಳಾದದ್ದು ಹಾಳಾಗಿತ್ತು. ಈ ಬೆರಳುಗಳ ಜೊತೆ ಬಾಳುವುದನ್ನು ಹೊಸದಾಗಿ ಕಲಿಯಬೇಕಿತ್ತು. ಆಸ್ಪತ್ರೆಯ ಫಿಜಿಯೊಥೆರಪಿಯಲ್ಲಿ ಒಬ್ಬ ಹುಡುಗ ಕಲಿಸಿದ, ಉಳಿದದ್ದು ನಾನೇ ಮಾಡಿ ಕಲಿತೆ. ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಕೆಲಸ ಹಚ್ಚಬಾರದು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ, ನೀರೊಳಗೇ ಬೆರಳು ಮಡಚಿ ಬಿಚ್ಚಬೇಕು. ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಿರಿ, ಕೂಸಿಗೆ ಎರೆಯುವಾಗ ನೋಡುವಂತೆ. ಆಸ್ಪತ್ರೆಯಲ್ಲಿ ಕರಗಿದ ಮೇಣದಲ್ಲಿ ಕೈ ಅದ್ದಿಸಿ ಬಟ್ಟೆ ಸುತ್ತುತ್ತಾರೆ, ಅದು ಬಹಳ ಹಿತ; ಮನೆಯಲ್ಲಿ ಒಲೆಯ ಮೇಲೆ ಮೇಣ ಕಾಯಿಸಲು ಹೋಗಬೇಡಿರಿ, ಸುಟ್ಟುಕೊಳ್ಳುತ್ತೀರಿ. ಗೆಣ್ಣು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ ಊದಿದ ದಿನ ಬಿಸಿ ಬೇಡ, ತಣ್ಣೀರ ಬಟ್ಟೆ ಇಡಬೇಕು. ಆ ದಿನ ಕೈಗೆ ರಜೆ.

ಬೆರಳಿನ ಭಾರವನ್ನು ದೊಡ್ಡ ಕೀಲಿಗೆ ದಾಟಿಸುವುದು ಮುಖ್ಯ. ಸಂತೆ ಚೀಲವನ್ನು ಬೆರಳಿಗೆ ನೇತುಹಾಕಬೇಡಿರಿ, ಮುಂದೋಳಿಗೆ ಅಥವಾ ಹೆಗಲಿಗೆ ಹಾಕಿಕೊಳ್ಳಿರಿ. ಪಾತೆಲೆಯನ್ನು ಕಿವಿ ಹಿಡಿದು ಎತ್ತುವ ಬದಲು ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿರಿ, ಆಗದಿದ್ದರೆ ಸರಿಸಿರಿ, ಅದೂ ಆಗದಿದ್ದರೆ ಕರೆಯಿರಿ. ಸೀರೆ ಹಿಂಡುವುದೆಂದರೆ ಈ ರೋಗಕ್ಕೆ ವೈರಿ. ನಾನು ಈಗ ಹಿಂಡುವುದಿಲ್ಲ, ನೀರು ಇಳಿಯುವಂತೆ ಹಗ್ಗದ ಮೇಲೆ ಹಾಗೆಯೇ ಹಾಕುತ್ತೇನೆ, ಬಿಸಿಲು ನಮ್ಮ ಕಡೆ ಕಡಿಮೆಯೇನಿಲ್ಲ. ಸೌಟಿನ, ಚಾಕುವಿನ ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ದಪ್ಪಗೆ ಸುತ್ತಿದ್ದೇನೆ. ಹಿಡಿಕೆ ದಪ್ಪವಾದಷ್ಟೂ ಗೆಣ್ಣಿಗೆ ಒತ್ತಡ ಕಡಿಮೆ. ತಿರುಗಿಸುವ ನಲ್ಲಿ ತೆಗೆಸಿ, ಮೊಣಕೈಯಿಂದ ತಳ್ಳುವ ಹಿಡಿಕೆಯದ್ದು ಹಾಕಿಸಿಕೊಂಡೆ. ಭಾರದ ಕೆಲಸದಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತೇನೆ. ದಿನವಿಡೀ ಕಟ್ಟಿದರೆ ಕೈ ಮತ್ತಷ್ಟು ಪೆಡಸಾಗುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿದ್ದಿರಬಹುದು, ಅದನ್ನು ಬೇರೆಯಾಗಿ ತೋರಿಸಬೇಕು.

ಭುಜ ನೋಯುತ್ತದೆ ಎಂದು ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದೆ. ಆರು ವಾರದಲ್ಲಿ ಅದು ಅಲ್ಲಿಯೇ ಹಿಡಿದುಕೊಂಡಿತು, ತಲೆ ಬಾಚಲೂ ಕೈ ಏಳದು. ಈಗ ದಿನಾ ಗೋಡೆಯ ಮುಂದೆ ನಿಂತು ಬೆರಳನ್ನು ಇರುವೆ ಹತ್ತಿದಂತೆ ಮೇಲೆ ಮೇಲೆ ನಡೆಸುತ್ತೇನೆ. ಗೋಡೆಯ ಮೇಲೆ ಪೆನ್ಸಿಲ್ ಗುರುತು ಮಾಡಿದ್ದೇನೆ. ಮೊಮ್ಮಗ ಅದನ್ನು ಅಜ್ಜಿಯ ಎತ್ತರ ಎನ್ನುತ್ತಾನೆ.

ಎಷ್ಟು ಕೆಲಸ ಮಾಡಬೇಕು ಎನ್ನುವುದಕ್ಕೆ ಆ ಹುಡುಗ ಒಂದು ಅಳತೆ ಹೇಳಿಕೊಟ್ಟ. ಕೆಲಸ ಮುಗಿದ ಎರಡು ತಾಸಿನ ಮೇಲೂ ನೋವು ಹೆಚ್ಚಾಗಿಯೇ ಇದ್ದರೆ ಅಂದು ಮಾಡಿದ್ದು ಹೆಚ್ಚಾಯಿತು, ನಾಳೆ ಕಡಿಮೆ ಮಾಡು ಎಂದು. ನನ್ನ ಲೆಕ್ಕ ಹದಿನೈದು ರೊಟ್ಟಿಗೆ ಬಂದು ನಿಂತಿತು. ಇನ್ನೂರರಿಂದ ಹದಿನೈದಕ್ಕೆ. ಆ ದಿನ ಊಟ ಸೇರಲಿಲ್ಲ.

ಮನೆಯಲ್ಲಿ ರೊಟ್ಟಿ ಒತ್ತುವ ಯಂತ್ರದ ಮಾತು ಬಂದಾಗ ನಾನು ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟೆ. ಒತ್ತಿದ ರೊಟ್ಟಿ ಬಡಿದ ರೊಟ್ಟಿಯಾಗದು, ಇದು ನನಗೆ ಗೊತ್ತು, ಇವತ್ತಿಗೂ ಅದೇ ನನ್ನ ಅಭಿಪ್ರಾಯ. ಬಡಿದದ್ದು ಉಬ್ಬುವಂತೆ ಒತ್ತಿದ್ದು ಉಬ್ಬುವುದಿಲ್ಲ. ಸೊಸೆ ಒಂದೇ ಮಾತು ಅಂದಳು, "ಅತ್ತಿ, ರೊಟ್ಟಿ ಚಲೋ ಆಗೂದು ನಿಮ್ಮ ಕೈಯಾಗಷ್ಟೇ ಇಲ್ಲ, ನೀವು ಹಿಟ್ಟು ನೋಡೂದ್ರಾಗ ಐತಿ. ನೀವು ನೋಡ್ರಿ, ನಾ ಒತ್ತತೇನಿ." ಈಗ ಎಸರಿನ ಹದ, ನಾದುವ ಹದ, ಹಂಚಿನ ಕಾವು ನನ್ನದು. ಒತ್ತುವುದು, ಬೇಯಿಸುವುದು ಅವಳದು ಮತ್ತು ಓಣಿಯ ಇಬ್ಬರು ಹೆಣ್ಣುಮಕ್ಕಳದು. ಖಾನಾವಳಿಯವರು ಮೊದಲು ಮುಖ ಸಿಂಡರಿಸಿದರು. ಒಬ್ಬರು ಬಿಟ್ಟೇ ಹೋದರು. ಉಳಿದವರು ಉಳಿದಿದ್ದಾರೆ. ಮದುವೆ ಮನೆಯವರು ಬಡಿದದ್ದೇ ಬೇಕೆಂದರೆ ಬೇರೆಯವರ ಹೆಸರು ಹೇಳಿ ಕಳಿಸುತ್ತೇನೆ.

ಆಗಲೂ ಮನಸ್ಸಿನಲ್ಲಿ ಒಂದು ಕೊಂಕು ಇತ್ತು. ಕಾಯಕ ಸೊಸೆಗೆ ಹೋಯಿತು, ನನಗೆ ಕಾಯಕವಿಲ್ಲದೆ ಪ್ರಸಾದ ಹೇಗೆ ಎಂದು. ಆ ದಿನಗಳಲ್ಲೇ ಇಲ್ಲಿ ಶೂನ್ಯಸಂಪಾದನೆಯ ಪ್ರವಚನ ನಡೆದಿತ್ತು. ನುಲಿಯ ಚಂದಯ್ಯನವರ ಪ್ರಸಂಗ ಬಂತು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ಶರಣರು. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ಬಿದ್ದರೂ ಅವರು ಕಾಯಕ ನಿಲ್ಲಿಸಲಿಲ್ಲ, ಲಿಂಗವೇ ಅವರ ಬೆನ್ನು ಹತ್ತಿ ಬಂತು ಎನ್ನುವ ಕಥೆ. ನಾನು ನಡುಗುತ್ತಲೇ ಕೇಳಿದೆ, ನನ್ನ ಶ್ರಾವಣದ ಆ ನಸುಕು ಕಣ್ಣ ಮುಂದೆ ಬಂತು. ಪ್ರವಚನಕಾರರು ಕಾಯಕ ನಿಲ್ಲಿಸದ ನಿಷ್ಠೆಯನ್ನು ಹೊಗಳಿದರು. ಸರಿಯೇ. ನನ್ನ ಮನಸ್ಸು ಹಿಡಿದುಕೊಂಡಿದ್ದು ಕಥೆಯ ಮುಂದಿನ ತುದಿಯನ್ನು. ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ ಚಂದಯ್ಯನವರು ಲಿಂಗಕ್ಕೂ ಕೆಲಸ ಹಚ್ಚಿದರು, ಹಗ್ಗ ಮಾರಿ ಬರಲು ಕಳಿಸಿದರು. ಹೊಸೆಯುವವರು ಒಬ್ಬರು, ಮಾರುವವರು ಇನ್ನೊಬ್ಬರು. ಲಿಂಗದ ಜೊತೆಯೇ ಕಾಯಕ ಹಂಚಿಕೊಂಡವರಿದ್ದಾರೆ, ನಾನು ಸೊಸೆಯ ಜೊತೆ ಹಂಚಿಕೊಳ್ಳಲು ಇಷ್ಟು ಒದ್ದಾಡಿದೆನಲ್ಲ ಎಂದು ಅಲ್ಲಿಯೇ ಕುಳಿತಲ್ಲಿ ನಗು ಬಂತು. ಪಕ್ಕದವರು ನೋಡಿದರು. ಓದಿದವರು ಈ ಅರ್ಥ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ನನಗಂತೂ ಅದು ಔಷಧವಾಯಿತು.

ಈಗ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಮುಂದಿನ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬಡಿಯಲು ಹೆಣ್ಣುಮಕ್ಕಳು ಬರುತ್ತಾರೆ. ನಸುಕಿನಿಂದ ಮಧ್ಯಾಹ್ನದವರೆಗೆ ನೆಲದ ಮೇಲೆ ಕುಳಿತು ಒಂದೇ ಸಮನೆ ಬಡಿಯುತ್ತಾರೆ. ಯಾರೂ ನೋವು ಎನ್ನುವುದಿಲ್ಲ, ಸೇವೆಯಲ್ಲಿ ಹೇಗೆ ಅನ್ನುವುದು? ಅವರ ನಡುವೆ ನಾನು ಹತ್ತು ವರ್ಷ ಕುಳಿತಿದ್ದೇನೆ, ನನಗೆ ಗೊತ್ತು. ಅಲ್ಲಿ ಒಂದು ತಾಸಿಗೊಮ್ಮೆ ಕೆಲಸ ಬದಲಾಯಿಸೋಣ. ಬಡಿದವರು ಬೇಯಿಸಲಿ, ಬೇಯಿಸಿದವರು ಎಣಿಸಲಿ. ಕಮಿಟಿಯ ಹಿರಿಯರು ಒಂದೆರಡು ಒತ್ತುವ ಯಂತ್ರ ತರಿಸಲಿ. ಎತ್ತರದ ಕಟ್ಟೆಯ ಮೇಲೆ ನಿಂತು ಮಾಡುವವರಿಗೆ ಜಾಗ ಇರಲಿ. ಬೆರಳು ಮಡಚಲಾಗದವರಿಗೆ ತರಕಾರಿ ಹಚ್ಚಲು ಕೊಡದೆ ನೀರು ಬಡಿಸಲು ಕೊಡಿರಿ, ಅದೂ ಜಗ್ಗಿನಿಂದ ಬೇಡ, ಹಿಡಿಕೆ ಇರುವ ಸಣ್ಣ ತಂಬಿಗೆಯಿಂದ. ಗಂಡಸರೂ ಬಡಿಯಬಹುದು. ನಗಬೇಡಿರಿ, ನನ್ನ ಮಗ ಬಡಿಯುತ್ತಾನೆ, ಗುಂಡಗೆ ಬರುವುದಿಲ್ಲ, ರುಚಿಗೇನೂ ಕಡಿಮೆಯಿಲ್ಲ.

ನಿಮ್ಮ ಕೈಯೂ ಬೆಳಿಗ್ಗೆ ಮಡಚುತ್ತಿಲ್ಲ ಎನ್ನುವವರಿದ್ದರೆ ಪ್ರಸಾದದ ಸಾಲಿನಲ್ಲಿ ನನ್ನ ಹತ್ತಿರ ಬಂದು ಕೂಡಿರಿ. ನಾನು ಡಾಕ್ಟರಲ್ಲ, ಗುಳಿಗೆ ಹೇಳುವುದಿಲ್ಲ. ಹುಬ್ಬಳ್ಳಿಗೆ ಯಾವ ಬಸ್ಸು, ಸರಕಾರಿ ದೊಡ್ಡ ಆಸ್ಪತ್ರೆಯಲ್ಲಿ ಯಾವ ಕೋಣೆ, ಚೀಟಿ ಎಷ್ಟು ಗಂಟೆಗೆ ಮಾಡಿಸಬೇಕು, ಅಷ್ಟು ಹೇಳುತ್ತೇನೆ. ಜೊತೆಗೆ ಬರುವವರು ಇಲ್ಲದಿದ್ದರೆ ನಾನೇ ಬರುತ್ತೇನೆ. ಪುಡಿಗೆ ಕರೆದುಕೊಂಡು ಹೋದ ಆ ನಾಲ್ವರಲ್ಲಿ ಮೂವರನ್ನು ಹಾಗೆಯೇ ಕರೆದೊಯ್ದಿದ್ದೇನೆ. ನಾಲ್ಕನೆಯವರು ಇನ್ನೂ ಬರಲು ಒಪ್ಪುತ್ತಿಲ್ಲ. ಅವರು ಇವತ್ತು ಈ ಸಭೆಯಲ್ಲಿ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಇವತ್ತು ಸೋಮವಾರ. ಮನೆಗೆ ಹೋಗಿ ಉಂಡು ಗುಳಿಗೆ ತೆಗೆದುಕೊಳ್ಳಬೇಕು, ತಡವಾದರೆ ಸೊಸೆ ಫೋನು ಮಾಡುತ್ತಾಳೆ.